ಮನೆಯ ಒಳಾಂಗಣ ಯಾರ ಕೈಗೆ? ಮುಂಗಡ ಕೊಡುವ ಮುನ್ನ ತಿಳಿಯಬೇಕಾದದ್ದು

ಹಾಸನ: ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟುವುದೆಂದರೆ ಗೋಡೆ, ಮಾಡು, ಬಾಗಿಲು, ಕಿಟಕಿಗಳಿಗೆ ಕೆಲಸ ಮುಗಿಯುತ್ತಿತ್ತು. ಈಗ ಗಾರೆ ಒಣಗಿದ ಮೇಲೆ ಎರಡನೆಯ ಮನೆ ಕಟ್ಟುವ ಕೆಲಸ ಆರಂಭವಾಗುತ್ತದೆ. ಅಡುಗೆಮನೆಯ ಕಪಾಟು, ಮಲಗುವ ಕೋಣೆಯ ವಾರ್ಡ್‌ರೋಬ್, ಹಜಾರದ ಟಿ.ವಿ. ಗೋಡೆ, ಫಾಲ್ಸ್ ಸೀಲಿಂಗ್, ದೇವರಮನೆಯ ಬಾಗಿಲು, ದೀಪಗಳ ಜೋಡಣೆ ಎಲ್ಲವೂ ಸೇರಿ ಕೆಲವು ಲಕ್ಷ ರೂಪಾಯಿಗಳ ಬಾಬತ್ತಾಗುತ್ತದೆ. ಹಾಸನ ನಗರದ ಹೊಸ ಬಡಾವಣೆಗಳಲ್ಲಿ ಮಾತ್ರವಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂತಹ ತಾಲ್ಲೂಕು ಕೇಂದ್ರಗಳಲ್ಲೂ ‘ಇಂಟೀರಿಯರ್ಸ್’ ಎಂಬ ಫಲಕಗಳು ಇಂದು ಅಪರೂಪವಲ್ಲ.

ಈ ಕೆಲಸಕ್ಕೆ ಸುರಿಯುವ ಹಣ ಸುಲಭವಾಗಿ ಬಂದದ್ದಲ್ಲ. ನಿವೃತ್ತ ಶಿಕ್ಷಕರ ಗ್ರಾಚ್ಯುಟಿ, ಅರಕಲಗೂಡಿನ ರೈತನ ತಂಬಾಕು ಹರಾಜಿನ ಹಣ, ಚನ್ನರಾಯಪಟ್ಟಣದ ಕೊಬ್ಬರಿ ಬೆಳೆಗಾರನ ಉಳಿತಾಯ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಕಳುಹಿಸಿದ ಮೊತ್ತ ಹೀಗೆ ವರ್ಷಗಳ ಶ್ರಮ ಪ್ಲೈವುಡ್ಡು, ಗಾಜು, ಬಣ್ಣಗಳಾಗಿ ಗೋಡೆ ಸೇರುತ್ತದೆ. ಆದರೂ ಇಷ್ಟು ಹಣವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ತೀರ್ಮಾನವನ್ನು ಅನೇಕ ಕುಟುಂಬಗಳು ಮೊಬೈಲ್ ಪರದೆಯ ಮೇಲೆ ಕಂಡ ಒಂದೆರಡು ಬಣ್ಣದ ಚಿತ್ರಗಳನ್ನು ನಂಬಿ ಕೈಗೊಳ್ಳುತ್ತವೆ. ತೊಂದರೆಯ ಮೂಲ ಇರುವುದು ಇಲ್ಲಿಯೇ.

ಹೆಸರಿಗೆ ಕಾನೂನಿನ ಕಾವಲಿಲ್ಲ

ವೈದ್ಯರು, ವಕೀಲರು, ಲೆಕ್ಕ ಪರಿಶೋಧಕರು ತಮ್ಮ ವೃತ್ತಿಯ ಹೆಸರು ಹಾಕಿಕೊಳ್ಳಲು ನೋಂದಣಿ ಬೇಕು. ಕಟ್ಟಡದ ನಕ್ಷೆ ರೂಪಿಸುವವರು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬೇಕಾದರೂ 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಅನ್ವಯ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಒಳಾಂಗಣ ವಿನ್ಯಾಸಕಾರರಿಗೆ ಇಂತಹ ಕಾಯಿದೆ ಇಲ್ಲ. ನಾಲ್ಕು ವರ್ಷ ಓದಿ ಪದವಿ ಪಡೆದವರೂ, ಆರು ತಿಂಗಳ ಕಂಪ್ಯೂಟರ್ ತರಬೇತಿ ಮುಗಿಸಿದವರೂ, ಪ್ಲೈವುಡ್ ಅಂಗಡಿ ಇಟ್ಟವರೂ ಒಂದೇ ಹೆಸರಿನ ಫಲಕ ಹಾಕಬಹುದು.

ವಾಸ್ತುಶಿಲ್ಪಿಗಳ ಕಾಯಿದೆಯೂ ಹೆಸರನ್ನು ಮಾತ್ರ ಕಾಯುತ್ತದೆಯೇ ಹೊರತು ಕೆಲಸವನ್ನಲ್ಲ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮತ್ತು ಮುಕೇಶ್ ಗೋಯಲ್ ನಡುವಿನ ಪ್ರಕರಣದಲ್ಲಿ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ನೋಂದಣಿ ಇಲ್ಲದವರು ಆ ಪದನಾಮ ಬಳಸುವುದನ್ನು ಕಾಯಿದೆಯ 37ನೇ ಕಲಂ ತಡೆಯುತ್ತದೆ. ಆ ಬಗೆಯ ಕೆಲಸ ಮಾಡುವುದನ್ನು ತಡೆಯುವುದಿಲ್ಲ ಎಂಬುದು ತೀರ್ಪಿನ ಸಾರ.

1972ರಲ್ಲೇ ಸ್ಥಾಪನೆಯಾದ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್ ಎಂಬ ವೃತ್ತಿ ಸಂಘವಿದೆ. ಅದರ ಸದಸ್ಯತ್ವ ಒಂದು ಅರ್ಹತೆಯೇನೋ ಹೌದು, ಕಡ್ಡಾಯವಲ್ಲ. ಆದ್ದರಿಂದ ಫಲಕ, ಬಿರುದು, ಕಚೇರಿಯ ಥಳಕು ಯಾವುದೂ ಸಾಮರ್ಥ್ಯಕ್ಕೆ ಸಾಕ್ಷಿಯಾಗದು. ಪರೀಕ್ಷೆ ಮಾಡುವ ಹೊಣೆ ಮನೆಯ ಯಜಮಾನರ ಮೇಲೆಯೇ ಬೀಳುತ್ತದೆ.

ನಾಲ್ಕು ಬಗೆಯವರು

ಮೊದಲು ತಮಗೆ ಯಾರು ಬೇಕು ಎಂಬುದನ್ನು ನಿರ್ಧರಿಸಿಕೊಳ್ಳುವುದು ಒಳಿತು. ಮಾರುಕಟ್ಟೆಯಲ್ಲಿ ಸ್ಥೂಲವಾಗಿ ನಾಲ್ಕು ಬಗೆಯವರಿದ್ದಾರೆ.

ಒಬ್ಬರು, ಮನೆಯ ನಕ್ಷೆಯ ಜೊತೆಗೆ ಒಳಾಂಗಣವನ್ನೂ ರೂಪಿಸುವ ವಾಸ್ತುಶಿಲ್ಪಿಗಳು. ಇನ್ನೂ ಕಟ್ಟಡದ ಹಂತದಲ್ಲಿರುವವರಿಗೆ ಇವರು ಹೆಚ್ಚು ಅನುಕೂಲ. ವಿದ್ಯುತ್ ಪಾಯಿಂಟು, ನೀರಿನ ಕೊಳವೆ, ಸಜ್ಜಾಗಳ ಸ್ಥಾನ ಮೊದಲೇ ಗೊತ್ತಾದರೆ ಆಮೇಲೆ ಗೋಡೆ ಕೊರೆಯುವ ಕಷ್ಟ ತಪ್ಪುತ್ತದೆ.

ಎರಡನೆಯವರು, ನಕ್ಷೆ ಮತ್ತು ಮೇಲ್ವಿಚಾರಣೆಗೆ ಮಾತ್ರ ಶುಲ್ಕ ಪಡೆಯುವ ಸ್ವತಂತ್ರ ವಿನ್ಯಾಸಕಾರರು. ಸರಕು ಕೊಳ್ಳುವುದು, ಬಡಗಿಗೆ ಕೂಲಿ ಕೊಡುವುದು ಮನೆಯವರ ಪಾಲಿಗೆ ಇರುತ್ತದೆ. ಓಡಾಡಲು ಸಮಯವಿರುವವರಿಗೆ ಇದು ಹೊಂದುತ್ತದೆ. ಶುಲ್ಕವು ಒಟ್ಟು ವೆಚ್ಚದ ಇಂತಿಷ್ಟು ಪಾಲು ಎಂದಿದ್ದರೆ ವೆಚ್ಚ ಏರಿದಂತೆ ಶುಲ್ಕವೂ ಏರುತ್ತದೆ ಎಂಬುದನ್ನು ಮರೆಯಬಾರದು. ನಿಗದಿತ ಮೊತ್ತವಾದರೆ ಈ ಅನುಮಾನಕ್ಕೆ ಎಡೆಯಿಲ್ಲ. ಇಂತಹ ಅಂಗಡಿಯಲ್ಲೇ ಕೊಳ್ಳಬೇಕೆಂದು ಒತ್ತಾಯಿಸಿದರೆ ಅಲ್ಲಿ ಕಮಿಷನ್ ಇದೆಯೇ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಮೂರನೆಯವರು, ವಿನ್ಯಾಸದಿಂದ ಬೀಗದ ಕೈ ಒಪ್ಪಿಸುವವರೆಗೆ ಎಲ್ಲವನ್ನೂ ಗುತ್ತಿಗೆ ಹಿಡಿಯುವ ಸಂಸ್ಥೆಗಳು. ಕಾರ್ಖಾನೆಯಲ್ಲಿ ಕತ್ತರಿಸಿ ತಂದು ಜೋಡಿಸುವ ಮಾಡ್ಯುಲರ್ ಕೆಲಸದಲ್ಲಿ ಅಂಚುಗಳು ನಾಜೂಕಾಗಿರುತ್ತವೆ, ಸಮಯವೂ ಕಡಿಮೆ. ಬೆಂಗಳೂರು ಅಥವಾ ಮೈಸೂರಿನ ಸಂಸ್ಥೆಯಾದರೆ ಒಂದು ಪ್ರಶ್ನೆ ಮುಖ್ಯ: ಆರು ತಿಂಗಳ ನಂತರ ಕಪಾಟಿನ ಬಾಗಿಲು ಜಗ್ಗಿದರೆ ಹೊಳೆನರಸೀಪುರಕ್ಕೆ ಯಾರು ಬರುತ್ತಾರೆ?

ನಾಲ್ಕನೆಯವರು ಊರಿನ ಬಡಗಿಗಳು. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪದಂತಹ ಗಟ್ಟಿ ಮರದ ಕೆಲಸದಲ್ಲಿ ಅನುಭವಿ ಬಡಗಿಯನ್ನು ಮೀರಿಸುವವರು ವಿರಳ. ಅವರಿಂದ ಕಾಗದದ ಮೇಲಿನ ನಕ್ಷೆ ಸಿಗದಿರಬಹುದು. ಆದರೆ ರಿಪೇರಿಗೆ ಕರೆದರೆ ಬರುವ ದೂರದಲ್ಲಿರುತ್ತಾರೆ. ಸ್ವತಂತ್ರ ವಿನ್ಯಾಸಕಾರರ ನಕ್ಷೆ ಮತ್ತು ಊರಿನ ಬಡಗಿಯ ಕೈಕೆಲಸ ಇವೆರಡನ್ನೂ ಕೂಡಿಸುವ ದಾರಿ ಸಣ್ಣ ಊರುಗಳಲ್ಲಿ ಎಷ್ಟೋ ಸಲ ಮಿತವ್ಯಯದ್ದಾಗಿರುತ್ತದೆ.

ಹೊಸ ಚಿತ್ರವಲ್ಲ, ಹಳೆಯ ಮನೆ ನೋಡಿ

ಕಂಪ್ಯೂಟರಿನಲ್ಲಿ ಮೂಡುವ ತ್ರಿ-ಡಿ ಚಿತ್ರದಲ್ಲಿ ಎಲ್ಲ ಮನೆಯೂ ಅರಮನೆಯೇ. ಚಿತ್ರದಲ್ಲಿ ಹಿಂಜು ಸಡಿಲವಾಗುವುದಿಲ್ಲ, ಸಿಂಕಿನ ಕೆಳಗೆ ನೀರು ಸೋರುವುದಿಲ್ಲ. ಆದ್ದರಿಂದ ವಿನ್ಯಾಸಕಾರರು ಕೆಲಸ ಮುಗಿಸಿ ಕನಿಷ್ಠ ಎರಡು ಮಳೆಗಾಲ ಕಳೆದಿರುವ ಮನೆಯೊಂದನ್ನು ತೋರಿಸುವಂತೆ ಕೇಳಬೇಕು. ಅಲ್ಲಿ ಹಜಾರದ ಅಂದವನ್ನು ನೋಡುವುದಕ್ಕಿಂತ ನಾಲ್ಕು ಜಾಗಗಳನ್ನು ಪರೀಕ್ಷಿಸುವುದು ಉಪಯುಕ್ತ. ಸಿಂಕಿನ ಕೆಳಗಿನ ಕಪಾಟಿನ ತಳ ಉಬ್ಬಿದೆಯೇ? ಸ್ನಾನದ ಮನೆಯ ಗೋಡೆಗೆ ಒರಗಿದ ವಾರ್ಡ್‌ರೋಬಿನೊಳಗೆ ಬೂಷ್ಟಿನ ವಾಸನೆ ಇದೆಯೇ? ಲ್ಯಾಮಿನೇಟಿನ ಅಂಚು ಎದ್ದಿದೆಯೇ? ಅಡುಗೆಮನೆಯ ಡ್ರಾಯರು ತುಂಬಿದಾಗಲೂ ಸರಾಗವಾಗಿ ಜಾರುತ್ತದೆಯೇ?

ಆ ಮನೆಯವರಿಗೆ ಕೇಳಬೇಕಾದ ಪ್ರಶ್ನೆಗಳೂ ಹೆಚ್ಚಿಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಯಿತೇ, ಮೊದಲು ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ಎಷ್ಟು ಅಂತರ, ಪೂರ್ತಿ ಹಣ ಕೊಟ್ಟ ಮೇಲೆ ಫೋನ್ ಎತ್ತುತ್ತಾರೆಯೇ ಎಂಬ ಮೂರಕ್ಕೆ ಉತ್ತರ ಸಿಕ್ಕರೆ ಸಾಕು. ಹಳೆಯ ಮನೆ ತೋರಿಸಲು ಹಿಂಜರಿಯುವವರ ಬಗ್ಗೆ ಎಚ್ಚರ ಅಗತ್ಯ. ಹೊಸದಾಗಿ ವೃತ್ತಿಗೆ ಬಂದವರಾದರೆ ಅದನ್ನು ಪ್ರಾಮಾಣಿಕವಾಗಿ ಹೇಳುತ್ತಾರೆ. ಅಂತಹವರಿಗೆ ಇಡೀ ಮನೆ ವಹಿಸುವ ಬದಲು ಮೊದಲು ಒಂದು ಕೋಣೆ ಕೊಟ್ಟು ನೋಡಬಹುದು.

ಮಳೆ, ಗೆದ್ದಲು ಮತ್ತು ಪ್ಲೈವುಡ್

ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಕೊಡಗಿನ ಗಡಿಗೆ ತಾಗಿದ ಅರಕಲಗೂಡು ಕಡೆಯ ಮನೆಯಲ್ಲಿ ಮುಂಗಾರಿನ ತಿಂಗಳುಗಳ ತೇವ ದೊಡ್ಡ ಶತ್ರು. ಚನ್ನರಾಯಪಟ್ಟಣದ ಕಡೆ ಮಳೆ ಕಡಿಮೆ. ಅಲ್ಲಿ ಬೇಸಿಗೆಯ ಒಣಹವೆಗೆ ಹಸಿಮರ ಸೀಳುತ್ತದೆ, ಕೊಳವೆಬಾವಿಯ ಗಡಸು ನೀರು ನಲ್ಲಿ, ಗಾಜುಗಳ ಮೇಲೆ ಬಿಳಿಯ ಕಲೆ ಬಿಡುತ್ತದೆ. ಗೆದ್ದಲು ಎರಡೂ ಕಡೆ ಉಂಟು. ಬೆಂಗಳೂರಿನ ಫ್ಲ್ಯಾಟಿಗೆ ಮಾಡಿದ ವಿನ್ಯಾಸವನ್ನು ಯಥಾವತ್ತಾಗಿ ಇಲ್ಲಿಗೆ ತಂದು ನಿಲ್ಲಿಸುವವರಿಗಿಂತ ಈ ವ್ಯತ್ಯಾಸ ಬಲ್ಲವರು ಮೇಲು.

ಅದನ್ನು ತಿಳಿಯಲು ಒಂದೇ ಪ್ರಶ್ನೆ ಸಾಕು: ಎಲ್ಲಿಗೆ ಯಾವ ಹಲಗೆ? ಭಾರತೀಯ ಮಾನಕ ಬ್ಯೂರೋ ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಐಎಸ್ 303, ಮರೈನ್ ಪ್ಲೈವುಡ್‌ಗೆ ಐಎಸ್ 710 ಎಂಬ ಮಾನದಂಡಗಳನ್ನು ನಿಗದಿಪಡಿಸಿದೆ. ಎರಡನೆಯ ಬಗೆಯ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟರೂ ಬಿಡಬಾರದು. ಸಿಂಕಿನ ಕೆಳಗೆ, ಬಚ್ಚಲಿಗೆ ತಾಗಿದ ಗೋಡೆಯ ಬಳಿ ಇದು ಸೂಕ್ತ. ಒಣ ಕೋಣೆಯ ಕಪಾಟಿಗೆಲ್ಲ ಅದನ್ನೇ ಬಳಸಿ ಖರ್ಚು ಏರಿಸುವ ಅಗತ್ಯವಿಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗ. ನೀರು ಕುಡಿದರೆ ಉಬ್ಬಿಹೋಗುತ್ತದೆ, ಒಮ್ಮೆ ಸಡಿಲವಾದ ತಿರುಪು ಮತ್ತೆ ಹಿಡಿಯುವುದು ಕಷ್ಟ. ಹಲಗೆಯ ಮೇಲೆ ಐಎಸ್‌ಐ ಗುರುತಿನೊಂದಿಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದು ನಿಜವೇ ಎಂಬುದನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಮನೆಯಿಂದಲೇ ಪರಿಶೀಲಿಸಬಹುದು.

ಹೊಲದಂಚಿನ ತೇಗವನ್ನೇ ಮನೆಗೆ ಬಳಸುವ ಆಸೆ ಹಲವರದು. ತೇಗ, ಬೀಟೆಯಂತಹ ಮರಗಳನ್ನು ಸ್ವಂತ ಜಮೀನಿನಲ್ಲಿದ್ದರೂ ಕಡಿದು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಯ್ದ ಮರ ಚೆನ್ನಾಗಿ ಒಣಗಲು ತಿಂಗಳುಗಳೇ ಹಿಡಿಯುತ್ತವೆ. ಮನೆಯಲ್ಲಿ ಮರ ಇದೆ ಎಂದು ಮೊದಲ ಭೇಟಿಯಲ್ಲೇ ತಿಳಿಸಿದರೆ ಸಮರ್ಥ ವಿನ್ಯಾಸಕಾರರು ಅದಕ್ಕೆ ತಕ್ಕಂತೆ ನಕ್ಷೆ ಹೊಂದಿಸುತ್ತಾರೆ.

ಮುಹೂರ್ತದ ಅವಸರವೂ ಕೆಲಸ ಕೆಡಿಸುತ್ತದೆ. ಆಷಾಢ ಮತ್ತು ಧನುರ್ಮಾಸಗಳಲ್ಲಿ ಗೃಹಪ್ರವೇಶ ಮಾಡುವವರು ಕಡಿಮೆಯಾದ್ದರಿಂದ ಅದಕ್ಕೆ ಮುಂಚಿನ ವಾರಗಳಲ್ಲಿ ಬಡಗಿ, ಬಣ್ಣದವರಿಗೆ ಬಿಡುವಿರುವುದಿಲ್ಲ. ಹಸಿ ಗೋಡೆಗೆ ಹಲಗೆ ಒರಗಿಸಿ ಮುಚ್ಚಿದರೆ ಒಳಗಿನ ತೇವಕ್ಕೆ ಹೋಗಲು ದಾರಿಯೇ ಇಲ್ಲ. ‘ಗೋಡೆ ಇನ್ನೂ ಒಣಗಿಲ್ಲ, ಸ್ವಲ್ಪ ಕಾಯಿರಿ’ ಎನ್ನುವವರನ್ನು ನಿಧಾನಸ್ಥರೆಂದು ದೂರುವ ಬದಲು ನಂಬುವುದು ಲೇಸು.

ಬದುಕನ್ನು ಕೇಳುವವರು

ಒಳ್ಳೆಯ ವಿನ್ಯಾಸಕಾರರು ಮೊದಲ ದಿನ ಬಣ್ಣದ ಪುಸ್ತಕ ಬಿಚ್ಚುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಅಡುಗೆ ಮಾಡುವವರ ಎತ್ತರ ಎಷ್ಟು? ಅಡುಗೆ ಕಟ್ಟೆ ಸಾಮಾನ್ಯವಾಗಿ 32ರಿಂದ 34 ಅಂಗುಲ ಎತ್ತರವಿರುತ್ತದೆ. ದಿನವೂ ರಾಗಿ ಮುದ್ದೆ ತಿರುವುವ ಮನೆಯಲ್ಲಿ ಭುಜದ ಬಲ ಹಾಕಿ ಒತ್ತಬೇಕಾದ್ದರಿಂದ ಒಲೆ ಇಡುವ ಭಾಗ ತುಸು ತಗ್ಗಿರಬೇಕಾಗಬಹುದು. ವರ್ಷದ ರಾಗಿ, ತೆಂಗಿನಕಾಯಿ ಎಲ್ಲಿ ಇಡಬೇಕು? ಗೌರಿ ಗಣೇಶ ಹಬ್ಬಕ್ಕೋ, ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೋ ನೆಂಟರು ಬಂದರೆ ಎಷ್ಟು ಜನ ಮಲಗುತ್ತಾರೆ? ಮಂಡಿ ನೋವಿನ ಹಿರಿಯರು ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೆಟ್ಟಿಲು ಉಂಟೇ? ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿಗೆ ಗಾಳಿಯಾಡುವ ಜಾಗ ಎಲ್ಲಿ?

ಇವನ್ನು ಕೇಳದೆ ಹಾಕಿದ ವಿನ್ಯಾಸ ಎಷ್ಟೇ ಸೊಗಸಾಗಿದ್ದರೂ ಅದು ಬೇರೆ ಯಾರದೋ ಮನೆಯದು. ಮನೆಯವರೂ ಸಂಕೋಚ ಬಿಡಬೇಕು. ಕೈಯಲ್ಲಿರುವ ಹಣವೆಷ್ಟು, ವಾಸ್ತು ನೋಡುವವರೇ ಅಲ್ಲವೇ, ಹಳೆಯ ಬೀರು, ಮಂಚಗಳಲ್ಲಿ ಯಾವುದನ್ನು ಉಳಿಸಬೇಕು ಎಂಬುದನ್ನು ಮೊದಲೇ ಹೇಳಿದರೆ ನಡುವೆ ಬದಲಾವಣೆ ಮಾಡಿ ದಂಡ ತೆರುವುದು ತಪ್ಪುತ್ತದೆ.

ಸುರಕ್ಷತೆಯ ವಿಷಯದಲ್ಲಿ ವಿನ್ಯಾಸಕಾರರು ತಮ್ಮ ಮಿತಿ ಅರಿತಿರಬೇಕು. ಕಾಲಂ ಇಲ್ಲದ ಹಳೆಯ ಮನೆಗಳಲ್ಲಿ ಛಾವಣಿಯ ಭಾರವನ್ನು ಗೋಡೆಯೇ ಹೊತ್ತಿರುತ್ತದೆ. ಹಜಾರ ದೊಡ್ಡದಾಗಲೆಂದು ಅಂತಹ ಗೋಡೆ ತೆಗೆಯುವ ಮುನ್ನ ಸಿವಿಲ್ ಎಂಜಿನಿಯರ್ ನೋಡಲೇಬೇಕು. ಎ.ಸಿ., ಇಂಡಕ್ಷನ್ ಒಲೆ ಸೇರಿಸುವುದಾದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಮಂಜೂರಾದ ಲೋಡ್ ಸಾಕೇ ಎಂದು ನೋಡಿಕೊಳ್ಳಬೇಕು.

ಚದರ ಅಡಿಯ ಲೆಕ್ಕದಲ್ಲಿ ಅಡಗಿದ್ದು

ದರವನ್ನು ಸಾಮಾನ್ಯವಾಗಿ ಚದರ ಅಡಿಗೆ ಇಷ್ಟು ಎಂದು ಹೇಳಲಾಗುತ್ತದೆ. ಆ ಅಂಕಿಯಲ್ಲಿ ಏನು ಸೇರಿದೆ ಎಂಬುದೇ ಮುಖ್ಯ. ಉದಾಹರಣೆಗೆ, 7 ಅಡಿ ಅಗಲ, 7 ಅಡಿ ಎತ್ತರದ ವಾರ್ಡ್‌ರೋಬಿನ ಮುಂಭಾಗ 49 ಚದರ ಅಡಿ. ದರ 1,500 ರೂಪಾಯಿ ಎಂದುಕೊಂಡರೆ 73,500 ರೂಪಾಯಿ. ಮೇಲಿನ 2 ಅಡಿ ಎತ್ತರದ ಲಾಫ್ಟ್ ಬೇರೆ ಎಂದಾದರೆ ಇನ್ನೂ 14 ಚದರ ಅಡಿ, ಅಂದರೆ 21,000 ರೂಪಾಯಿ. ಎರಡೂ ಸೇರಿದ 94,500ಕ್ಕೆ ಶೇ. 18ರಷ್ಟು ಜಿಎಸ್‌ಟಿ 17,010. ಹೀಗೆ 73,500 ಎಂದು ಕಿವಿಗೆ ಬಿದ್ದದ್ದು ಬಿಲ್ಲಿನಲ್ಲಿ 1,11,510 ಆಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ.

ಇಬ್ಬರು ಮೂವರಿಂದ ದರಪಟ್ಟಿ ಪಡೆಯುವಾಗ ಎಲ್ಲರಿಗೂ ಒಂದೇ ಅಳತೆ, ಒಂದೇ ಸರಕು ಹೇಳಿದರೆ ಮಾತ್ರ ಹೋಲಿಕೆಗೆ ಅರ್ಥ. ಹಲಗೆಯ ಬಗೆ ಮತ್ತು ದಪ್ಪ, ಲ್ಯಾಮಿನೇಟಿನ ದಪ್ಪ, ಹಿಂಜು ಮತ್ತು ಚಾನೆಲ್‌ಗಳ ಕಂಪನಿ, ಹಿಡಿ, ಬೀಗ, ಒಳಗಿನ ಅರೆಗಳ ಸಂಖ್ಯೆ, ಸಾಗಣೆ, ಕಸ ತೆರವು ಎಲ್ಲವೂ ಪಟ್ಟಿಯಲ್ಲಿ ಇರಬೇಕು. ‘ಉತ್ತಮ ಗುಣಮಟ್ಟದ ಪ್ಲೈವುಡ್’ ಎಂಬ ಬರಹಕ್ಕೆ ಯಾವ ಬೆಲೆಯೂ ಇಲ್ಲ.

ಜಿಎಸ್‌ಟಿ ಕೇಳುವವರ ನೋಂದಣಿ ಸಂಖ್ಯೆಯನ್ನು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಪರಿಶೀಲಿಸಬಹುದು. ನೋಂದಣಿ ಇಲ್ಲದವರು ಗ್ರಾಹಕರಿಂದ ಆ ತೆರಿಗೆ ವಸೂಲು ಮಾಡುವಂತಿಲ್ಲ. ‘ಬಿಲ್ ಬೇಡವೆಂದರೆ ಕಡಿಮೆ’ ಎಂಬ ಮಾತಿಗೆ ಒಪ್ಪಿದವರು ಉಳಿಸಿದ ತೆರಿಗೆಯ ಜೊತೆಗೆ ಪುರಾವೆಯನ್ನೂ ಕಳೆದುಕೊಳ್ಳುತ್ತಾರೆ.

ಕರಾರು ಮತ್ತು ಕಂತು

ಪರಿಚಯಸ್ಥರು, ನೆಂಟರ ಕಡೆಯವರು ಎಂಬ ದಾಕ್ಷಿಣ್ಯಕ್ಕೆ ಬರಹವಿಲ್ಲದೆ ಕೆಲಸ ಒಪ್ಪಿಸುವುದು ಸಣ್ಣ ಊರುಗಳ ರೂಢಿ. ಜಗಳವಾದಾಗ ಹಣದ ಜೊತೆಗೆ ನೆಂಟಸ್ತಿಕೆಯೂ ಕೆಡುತ್ತದೆ. ಎರಡು ಪುಟದ ಕರಾರು ಎರಡನ್ನೂ ಕಾಪಾಡಬಲ್ಲದು. ಕೆಲಸದ ಪಟ್ಟಿ, ಸಹಿ ಮಾಡಿದ ನಕ್ಷೆ, ಸರಕಿನ ವಿವರ, ಒಟ್ಟು ಮೊತ್ತ, ಆರಂಭ ಮತ್ತು ಮುಕ್ತಾಯದ ದಿನಾಂಕ, ತಡವಾದರೆ ಪರಿಹಾರ, ರಿಪೇರಿಯ ಅವಧಿ ಇಷ್ಟಿದ್ದರೆ ಸಾಕು. ನಡುವೆ ಏನಾದರೂ ಬದಲಾದರೆ ಅದರ ವೆಚ್ಚವನ್ನು ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಬರೆದು ಒಪ್ಪಿಗೆ ಪಡೆಯುವುದು ಇಬ್ಬರಿಗೂ ಕ್ಷೇಮ.

ಈ ಮೂರು ತಾಲ್ಲೂಕು ಕೇಂದ್ರಗಳಿಂದ ಹಾಸನಕ್ಕೆ ಸುಮಾರು 30ರಿಂದ 40 ಕಿಲೋಮೀಟರ್ ದೂರ. ಹಾಸನದವರನ್ನು ಗೊತ್ತುಮಾಡಿಕೊಂಡರೆ ವಿನ್ಯಾಸಕಾರರು ವಾರಕ್ಕೆ ಎಷ್ಟು ಸಲ ಖುದ್ದಾಗಿ ಬರುತ್ತಾರೆ, ಪ್ರಯಾಣದ ಖರ್ಚು ಯಾರದು ಎಂಬುದೂ ಕರಾರಿನಲ್ಲಿರಲಿ. ಮೇಲ್ವಿಚಾರಣೆ ಇಲ್ಲದ ಕೆಲಸದಲ್ಲಿ ಬಡಗಿ ತನಗೆ ತೋಚಿದಂತೆ ಕತ್ತರಿಸುತ್ತಾನೆ. ಹೊರರಾಜ್ಯದ ಕುಶಲಕರ್ಮಿಗಳು ಬಂದು ಕೆಲಸ ಮುಗಿಸಿ ಊರಿಗೆ ಮರಳುವುದುಂಟು. ಆಮೇಲಿನ ರಿಪೇರಿಗೆ ಹೊಣೆ ಯಾರೆಂಬುದು ಅವರು ಹೋಗುವ ಮುನ್ನವೇ ತೀರ್ಮಾನವಾಗಬೇಕು.

ಹಣವನ್ನು ಕೆಲಸದ ಹಿಂದೆ ನಡೆಸಬೇಕೇ ಹೊರತು ಮುಂದೆ ಓಡಿಸಬಾರದು. ಕರಾರಿನ ದಿನ ಸಣ್ಣ ಮುಂಗಡ, ಸರಕು ಬಂದು ಗುರುತು ಪರಿಶೀಲಿಸಿದ ಮೇಲೆ ಒಂದು ಕಂತು, ಪೆಟ್ಟಿಗೆಗಳು ಗೋಡೆಗೆ ನಿಂತ ಮೇಲೆ ಇನ್ನೊಂದು, ಪೂರ್ಣಗೊಂಡ ಮೇಲೆ ಮತ್ತೊಂದು ಎಂದು ವಿಂಗಡಿಸಬಹುದು. ಕಾರ್ಖಾನೆಯವರು ತಯಾರಿಕೆಗೆ ಮುನ್ನವೇ ದೊಡ್ಡ ಪಾಲು ಕೇಳುತ್ತಾರೆ. ಅಂತಹ ಕಡೆ ಹಣ ಕೊಡುವ ಮೊದಲು ಕಾರ್ಖಾನೆಯನ್ನೇ ನೋಡಿ ಬರುವುದು ಉತ್ತಮ. ಎಲ್ಲಿಯಾದರೂ ಶೇ. 5ರಿಂದ 10ರಷ್ಟು ಹಣವನ್ನು ಕೆಲಸ ಮುಗಿದು ಒಂದೆರಡು ತಿಂಗಳಾಗುವವರೆಗೆ ಉಳಿಸಿಕೊಳ್ಳುವ ಷರತ್ತು ಇರಲಿ. ಪಾವತಿ ಬ್ಯಾಂಕಿನ ಮೂಲಕವೇ ಆಗಲಿ. ಅದೇ ರೀತಿ, ಹಂತ ಮುಗಿದ ದಿನವೇ ಕಂತು ಕೊಡುವುದು ಮನೆಯವರ ಧರ್ಮ. ಅದನ್ನೇ ನಂಬಿ ಕೂಲಿ ಕೊಡಬೇಕಾದ ಕೈಗಳು ಆ ಕಡೆ ಇರುತ್ತವೆ.

ಕೆಲಸ ಕೆಟ್ಟರೆ ದಾರಿ ಏನು?

ಇಷ್ಟೆಲ್ಲ ಎಚ್ಚರ ವಹಿಸಿಯೂ ಮೋಸ ಹೋದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆ ಇದೆ. ಮನೆ ನಿರ್ಮಾಣವೂ ಗ್ರಾಹಕ ಕಾನೂನಿನ ಅರ್ಥದಲ್ಲಿ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತ್ತು. ಹಣ ಪಡೆದು ಮಾಡಿದ ಒಳಾಂಗಣ ಕೆಲಸದ ಲೋಪವನ್ನೂ ಸೇವಾ ನ್ಯೂನತೆ ಎಂದು ಪ್ರಶ್ನಿಸಬಹುದು. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಹಾಸನದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿರುವುದರಿಂದ ಬೆಂಗಳೂರಿನ ಸಂಸ್ಥೆಯ ವಿರುದ್ಧವೂ ಹಾಸನದಲ್ಲೇ ಮೊಕದ್ದಮೆ ನಡೆಸಬಹುದು. ಪಾವತಿಸಿದ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ರಾಜಿಗೆ ಯತ್ನಿಸಬಹುದು.

ಆದರೆ ಆಯೋಗದ ಮುಂದೆ ಮಾತಾಡುವುದು ಕಾಗದ. ಕರಾರು, ಬಿಲ್ಲು, ಬ್ಯಾಂಕ್ ಪಾವತಿಯ ದಾಖಲೆ, ದಿನಾಂಕ ಸಹಿತ ಚಿತ್ರಗಳು ಇಲ್ಲದಿದ್ದರೆ ನ್ಯಾಯ ತಮ್ಮ ಕಡೆ ಇದ್ದರೂ ಸಾಬೀತುಪಡಿಸುವುದು ಕಷ್ಟ. ಬಿರುದಿಗೆ ಕಾನೂನಿನ ಕಾವಲಿಲ್ಲದ ಈ ವೃತ್ತಿಯಲ್ಲಿ ಗ್ರಾಹಕರನ್ನು ಕಾಯುವುದು ಎರಡೇ: ಎರಡು ಮಳೆಗಾಲ ಕಂಡ ಒಂದು ಹಳೆಯ ಮನೆಯ ದರ್ಶನ, ಎರಡು ಪುಟದ ಒಂದು ಬರಹ. ಇವೆರಡಕ್ಕೂ ಮುಖ ಸಿಂಡರಿಸದೆ ಒಪ್ಪುವ ವಿನ್ಯಾಸಕಾರರು ಸಿಕ್ಕರೆ, ಅವರ ಕಚೇರಿ ಎಷ್ಟೇ ಚಿಕ್ಕದಿದ್ದರೂ, ಆಯ್ಕೆಯ ಮುಕ್ಕಾಲು ಪಾಲು ಸರಿಯಾಯಿತೆಂದೇ ತಿಳಿಯಬಹುದು.